ಮಾಲನಳ ಮುಯ್ಯಿ

ಈ ಫೆಬ್ರುವರಿಯಲ್ಲಿ ಗೆಳತಿಯ ಮಗಳ ಮದುವೆಗೆಂದು ಅಥಣಿಯಿಂದ ನಿಪ್ಪಾಣಿಗೆ ಹೋಗಿದ್ದೆ. ಬಸ್ಸು ಊರೊಳಗೆ ಹೊರಳುವ ಮೊದಲೇ ಕಿಟಕಿಯಿಂದ ಘಾಟು ನುಗ್ಗಿತು. ತಂಬಾಕಿನ ಸುಗ್ಗಿ ನಡೆದಿತ್ತು, ಗೋದಾಮುಗಳ ಬಾಗಿಲುಗಳೆಲ್ಲ ತೆರೆದಿದ್ದವು. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ನೀನೂ ಮುಚ್ಚಿಕೋ ಎನ್ನುವಂತೆ ನನ್ನ ಕಡೆ ನೋಡಿದಳು. ನಾನು ಮುಚ್ಚಿಕೊಳ್ಳಲಿಲ್ಲ. ಎದೆ ತುಂಬ ಎಳೆದುಕೊಂಡೆ, ಜೋರಾಗಿ ಸೀನಿದೆ, ಸಂತೋಷವಾಯಿತು. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು ಆಕೆ.

ನಾನು ನಿಪ್ಪಾಣಿಯಲ್ಲಿ ಇದ್ದದ್ದು ಒಂದೇ ವರ್ಷ, ಒಂದು ತಂಬಾಕಿನ ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ. ಟಿ.ಬಿ. ಇರುವವರ ಮನೆಗಳಿಗೆ ತಿರುಗಿ ಗುಳಿಗೆ ನುಂಗಿಸುವುದು ನನ್ನ ನೌಕರಿ. ಅದಕ್ಕೂ ಮೊದಲು ರಾಯಬಾಗದ ಹಳ್ಳಿಗಳಲ್ಲಿ ಇದೇ ಕೆಲಸ ಮಾಡಿದ್ದೆ. ಅಲ್ಲಿ ಒಬ್ಬ ಮನುಷ್ಯ ವಾರಗಟ್ಟಲೆ ಕೆಮ್ಮಿದರೆ ಓಣಿಗೆ ಓಣಿಯೇ ತಿಳಿದುಕೊಂಡು ನನಗೆ ಸುದ್ದಿ ಮುಟ್ಟಿಸುತ್ತಿತ್ತು. ನಿಪ್ಪಾಣಿಯಲ್ಲಿ ಆ ಆಟ ನಡೆಯಲಿಲ್ಲ. ತಂಬಾಕನ್ನು ಜರಡಿಯಲ್ಲಿ ಚಾಳಿಸುವವರು, ಬೀಡಿ ಸುತ್ತುವವರು, ಗೋದಾಮಿನ ಹಮಾಲರು, ಎಲ್ಲರೂ ಕೆಮ್ಮುವವರೇ. ‘ಎಷ್ಟು ದಿನದಿಂದ ಕೆಮ್ಮು ಐತಿ?’ ಎಂದು ಕೇಳಿದರೆ ನನ್ನನ್ನೇ ಕನಿಕರದಿಂದ ನೋಡುತ್ತಿದ್ದರು. ‘ಘಾಟ್ರಿ ಸಿಸ್ಟರ್, ಎದಿಯಾಗ ಕುಂತೈತಿ. ಬೆಲ್ಲಾ ತಿಂದ್ರ ಇಳೀತೈತಿ.’ ಆ ಊರಿನಲ್ಲಿ ಕೆಮ್ಮು ರೋಗವಲ್ಲ, ಕಸುಬಿನ ಒಂದು ಭಾಗ. ಕಫದ ಡಬ್ಬಿ ಹಿಡಿದು ನಿಂತ ನನ್ನನ್ನು ನೋಡಿ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಏಕಸಂಬಿಯ ನಮ್ಮ ಮನೆಯಲ್ಲಿ ನನ್ನ ಹೆಸರೇ ಕೆಂಡ. ಮೊದಲ ತಿಂಗಳು ದಿನಾ ಒಬ್ಬರ ಜೊತೆಗಾದರೂ ಜಗಳವಾಡಿಯೇ ಮನೆಗೆ ಬರುತ್ತಿದ್ದೆ.

ನನ್ನ ಪಾಲಿಗೆ ಬಂದ ಓಣಿಗಳಲ್ಲಿ ಒಂದು ಅಂಗಳವಿತ್ತು. ಸುತ್ತಲೂ ತಗಡಿನ ಚಾವಣಿಯ ಒಂದೊಂದೇ ಕೋಣೆಯ ಮನೆಗಳು, ನಡುವೆ ಒಂದು ಬೇವಿನ ಮರ. ಬೆಳಿಗ್ಗೆ ಅಡಿಗೆ ಮುಗಿಸಿ ಹೆಂಗಸರೆಲ್ಲ ತೊಡೆಯ ಮೇಲೆ ಮೊರ ಇಟ್ಟುಕೊಂಡು ಆ ಮರದ ಕೆಳಗೆ ಕೂತರೆ ಏಳುತ್ತಿದ್ದದ್ದು ಸಂಜೆಗೇ. ನೆನೆಸಿದ ಎಲೆ, ಕತ್ತರಿ, ತಂಬಾಕು, ದಾರ. ಬೆರಳುಗಳ ಪಾಡಿಗೆ ಬೆರಳು, ಬಾಯಿಯ ಪಾಡಿಗೆ ಬಾಯಿ. ಕನ್ನಡದಲ್ಲಿ ಶುರುವಾದ ಬೈಗುಳ ಮರಾಠಿಯಲ್ಲಿ ಮುಗಿಯುತ್ತಿತ್ತು. ಅವರಲ್ಲಿ ಹಿರಿಯಳು ಹೌಸಕ್ಕ, ಬೇಡಕಿಹಾಳದ ಕಡೆಯಿಂದ ಮದುವೆಯಾಗಿ ಬಂದವಳು. ತುಂಬು ಮೈ, ತೊಂಬತ್ತರ ಮುದುಕಿಯ ಹಾಗೆ ನರಳುತ್ತ ಏಳುತ್ತಿದ್ದಳು, ಜಗಳಕ್ಕೆ ಮಾತ್ರ ಹದಿನಾರರ ಹುರುಪು. ಅವಳ ಎಡಕ್ಕೆ ಶಕೀಲಾ. ಬಲಕ್ಕೆ ಮಾಲನ್.

ಮಾಲನ್ ಕೆಮ್ಮುತ್ತಿದ್ದಳು, ಅದರಲ್ಲೇನೂ ವಿಶೇಷವಿರಲಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅವಳ ಬಳೆಗಳು. ದಾರ ಸುತ್ತಲು ಕೈ ಎತ್ತಿದಾಗಲೆಲ್ಲ ಅವು ಜಾರಿ ಮೊಣಕೈಗೆ ಹೋಗಿ ಕೂರುತ್ತಿದ್ದವು. ಹೊಂದಿಸಿಯೇ ಇಡಿಸಿಕೊಂಡ ಬಳೆಗಳು ಹಾಗೆ ಜಾರಬೇಕಾದರೆ ಕೈ ಎಷ್ಟು ಸೊರಗಿರಬೇಕು? ಕೂತಲ್ಲೇ ಡಬ್ಬಿ ಕೊಟ್ಟೆ. ಅವಳು ನಕ್ಕಳು. ‘ಉಗುಳದಿದ್ದರೆ ಏಳೂದಿಲ್ಲ ನಾ ಇಲ್ಲಿಂದ’ ಅಂತ ಅವಳ ಮೊರದ ಎದುರಿಗೇ ಕೂತುಬಿಟ್ಟೆ. ನನ್ನ ಕಾಟ ತಪ್ಪಿದರೆ ಸಾಕೆಂದು ಉಗುಳಿ ಕೊಟ್ಟಳು.

ಟಿ.ಬಿ. ಇತ್ತು. ಹೇಳಲು ಹೋದಾಗ ಮಾಲನ್ ಸಿಟ್ಟಾಗಲಿಲ್ಲ, ಅಳಲಿಲ್ಲ. ‘ಸುಳ್ಳ. ಘಾಟ ಅದು’ ಅಂದಳು, ಮತ್ತೊಂದು ಎಲೆ ತೆಗೆದುಕೊಂಡಳು. ಆದರೆ ಅಂಗಳ ಕೇಳಿಸಿಕೊಂಡಿತ್ತು. ಶಕೀಲಾ ತನ್ನ ಮೊರವನ್ನು ಸದ್ದಿಲ್ಲದೆ ಆಚೆಗೆ ಎಳೆದುಕೊಂಡಳು. ಉಳಿದವರೂ ಒಬ್ಬೊಬ್ಬರಾಗಿ ಸರಿದರು. ಹೌಸಕ್ಕ ನೇರವಾಗಿ ಕೇಳಿದಳು: ‘ನಮಗೂ ಅಂಟೇತೇನ್ರಿ?’ ಯಾರೂ ದೇವತೆಗಳಲ್ಲ, ಅಂದು ಅವರು ಹೆದರಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಎಲ್ಲರನ್ನೂ ಪರೀಕ್ಷೆ ಮಾಡಿಸಿದೆ. ಬೇರೆ ಯಾರಿಗೂ ಇರಲಿಲ್ಲ. ಗುಳಿಗೆ ಶುರುವಾಗಿ ಕೆಲವು ವಾರ ಕಳೆದರೆ ಅಂಟುವುದು ನಿಲ್ಲುತ್ತದೆ, ಅಲ್ಲಿಯವರೆಗೆ ಮಾಲನ್ ತನ್ನ ಬಾಗಿಲಲ್ಲಿ ಗಾಳಿಗೆ ಕೂರಲಿ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಆರು ತಿಂಗಳು ತಂಬಾಕು ಮಾತ್ರ ಮುಟ್ಟಕೂಡದು ಎಂದು ಹೇಳಿದೆ.

ತಂಬಾಕು ಮುಟ್ಟಕೂಡದು ಅಂದಾಗಲೇ ಮಾಲನಳ ಮುಖ ಬಿದ್ದದ್ದು. ರೋಗದ ಹೆಸರು ಮಾಡದ್ದನ್ನು ಆ ಮಾತು ಮಾಡಿತು.

ಅವಳ ಗಂಡ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಹೋದವನು ಅಲ್ಲೇ ಬೇರೊಂದು ಸಂಸಾರ ಹೂಡಿದ್ದ. ಮಗಳನ್ನು ಕಾಗವಾಡದ ಕಡೆ ಕೊಟ್ಟಿದ್ದಳು, ಗಂಡ ಹೆಂಡತಿ ಇಬ್ಬರೂ ದ್ರಾಕ್ಷಿ ತೋಟದಲ್ಲಿ ಕೂಲಿ. ಮಾಲನಳಿಗೆ ಇದ್ದದ್ದು ಬೀಡಿ ಕಾರ್ಡು ಒಂದೇ. ಮದುವೆಗೂ ಮುಂಚಿನಿಂದ ಸುತ್ತಿದ ಬೀಡಿಗಳ ಲೆಕ್ಕವೆಲ್ಲ ಆ ಕಾರ್ಡಿನ ಬೆನ್ನಿಗಿತ್ತು. ಕಾರ್ಮಿಕರ ದವಾಖಾನೆ ಅದರ ಮೇಲೆಯೇ, ಮುಂದೆ ಬರಬೇಕಾದ ಪಿಂಚಣಿಯೂ ಅದರ ಮೇಲೆಯೇ. ಬೀಡಿ ಕಂಪನಿಯ ಶಾಖೆಯಲ್ಲಿ ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಮುಕಾದಮ, ಯಾರದಾದರೂ ಬೀಡಿ ಒಂದೆರಡು ತಿಂಗಳು ಬರದಿದ್ದರೆ ಹೆಸರು ಹೊಡೆದುಹಾಕುತ್ತಿದ್ದ. ಹೊಡೆದ ಹೆಸರು ಮತ್ತೆ ಏರುವುದು ಬಲು ಕಷ್ಟವಾಗಿತ್ತು.

ಈ ಮಾತನ್ನು ನನಗೆ ಬಿಡಿಸಿ ಹೇಳಿದವಳು ಹೌಸಕ್ಕ. ಹೇಳಿ, ಅದಕ್ಕೊಂದು ದಾರಿಯನ್ನೂ ಅವಳೇ ಹುಡುಕಿದಳು. ಅಷ್ಟು ಹೊತ್ತಿಗೆ ಮೊರ ಎಳೆದುಕೊಂಡವರಿಗೆಲ್ಲ ನಾಚಿಕೆಯೂ ಆಗಿತ್ತು. ‘ಮುಯ್ಯಿ ಮಾಡೂಣು’ ಅಂದಳು. ‘ಎಲ್ಲಾರೂ ದಿನಾ ಒಂದೀಟ ಒಂದೀಟ ಈಕಿ ಹೆಸರಿಲೆ ಸುತ್ತೂಣು. ಮುಕಾದಮಗ ಬೀಡಿ ಬಂದ್ರ ಆತು, ಯಾರ್ ಸುತ್ತಿದ್ರೇನು?’

ಮುಯ್ಯಿ ನನಗೆ ಹೊಸದಲ್ಲ. ನಮ್ಮ ಕಡೆ ಕಳೆ ತೆಗೆಯುವಾಗ, ಶೇಂಗಾ ಕೀಳುವಾಗ ಇವತ್ತು ನಮ್ಮ ಹೊಲಕ್ಕೆ ನೀವು ಬರುತ್ತೀರಿ, ನಾಳೆ ನಿಮ್ಮ ಹೊಲಕ್ಕೆ ನಾವು. ಕೂಲಿಯಿಲ್ಲ, ಊಟ ಅವರವರದೇ. ಆದರೆ ತಿರುಗಿ ಮಾಡದೆ ಉಳಿದ ಮುಯ್ಯಿ ಮನೆತನಕ್ಕೆ ಹತ್ತಿದ ಮಸಿ. ತಾಯಿ ಉಳಿಸಿ ಹೋದದ್ದನ್ನು ಮಗಳು ತೀರಿಸಿದ್ದನ್ನು ನಾನೇ ಕಂಡಿದ್ದೇನೆ. ಹೊಲ ಬಿಟ್ಟು ಪೇಟೆಗೆ ಬಂದ ಈ ಹೆಂಗಸರು ಬೇರೆಲ್ಲ ಬಿಟ್ಟರೂ ಆ ಪದ್ಧತಿಯನ್ನು ಮಾತ್ರ ಜೊತೆಗೆ ತಂದುಕೊಂಡಿದ್ದರು.

ಮಾಲನ್ ಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ‘ಬ್ಯಾಡ’ ಅಂದಳು.

‘ಯಾಕ ಬ್ಯಾಡ?’

‘ನಾ ಹೋದ್ರ ಯಾರ್ ತೀರಸ್ತಾರ? ನನ್ನ ಮಗಳ ತಲಿಮ್ಯಾಲ ಹೊರಸಿ ಹೋಗ್ಲೇನು? ಆಕಿಗಿ ಆಕಿದ ಸಾಕಾಗೇತಿ. ಹೆಸರ ಹೊಡದ್ರ ಹೊಡೀಲಿ.’

ಮಾಲನ್ ನನ್ನ ಕಡೆ ತಿರುಗಿದಳು. ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ‘ಸಿಸ್ಟರ್, ಖರೇ ಹೇಳ್ರಿ. ಬದಕತೀನೇನು?’

ಯಾರಿಗೂ ಭರವಸೆಯ ಮಾತು ಕೊಡಬೇಡಿ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ಕಣ್ಣುಗಳ ಎದುರಿಗೆ ಆ ತರಬೇತಿಯನ್ನು ಇಟ್ಟುಕೊಂಡು ನಾನೇನು ಮಾಡಲಿ? ‘ಗುಳಿಗಿ ಒಂದೂ ತಪ್ಪಸದಂಗ ತಿಂದ್ರ ಬದಕತಿ’ ಅಂದೆ. ‘ತಪ್ಪಸಾಕ ನಾ ಬಿಡೂದಿಲ್ಲ.’ ಮಾಲನ್ ಹೌಸಕ್ಕನ ಕಡೆಗೆ ತಿರುಗಿ, ‘ಹಂಗಾರ ಸುತ್ರಿ’ ಅಂದಳು. ಇನ್ನು ಇವಳು ಸತ್ತರೆ ಸುಳ್ಳುಗಾರ್ತಿಯಾಗುವವಳು ನಾನು ಎಂಬುದು ಸ್ಕೂಟಿ ಹತ್ತಿ ಕೂತಮೇಲೆ ಹೊಳೆಯಿತು.

ಆ ಬೇಸಗೆ ಪೂರ್ತಿ ದಿನಾ ಬೆಳಿಗ್ಗೆ ಮೊದಲು ಹೋಗುತ್ತಿದ್ದದ್ದು ಮಾಲನಳ ಬಾಗಿಲಿಗೆ. ಗುಳಿಗೆ ಕಂಡರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ನುಂಗಿ, ವಾಂತಿ ಬಂದರೆ ಹಲ್ಲು ಕಚ್ಚಿ ತಡೆದುಕೊಂಡು ಕೂರುತ್ತಿದ್ದಳು. ಮೂತ್ರ ಕೇಸರಿಯಾಗುತ್ತದೆ, ಅಂಜಬೇಡ ಎಂದು ಮೊದಲೇ ಹೇಳಿದ್ದರೂ ಮೊದಲ ದಿನ ಅಂಗಳಕ್ಕೆ ಅಂಗಳವನ್ನೇ ಕೂಗಿ ಕರೆದಿದ್ದಳು. ತತ್ತಿ ತಿನ್ನು ಅಂದರೆ ಸೋಮವಾರ ಒಲ್ಲೆ, ಗುರುವಾರ ಒಲ್ಲೆ, ಶನಿವಾರ ಒಲ್ಲವೇ ಒಲ್ಲೆ. ವಾರವಿಡೀ ಇವಳಿಗೆ ಒಬ್ಬೊಬ್ಬ ದೇವರು. ‘ಆ ದೇವರಿಗೆ ನಾ ಉತ್ತರಾ ಕೊಡ್ತೀನಿ, ನೀ ಬಾಯಿ ತೆಗಿ’ ಅಂತ ನಾನೇ ಸುಲಿದು ಬಾಯಿಗೆ ಹಿಡಿದದ್ದುಂಟು. ಎದುರಿಗೆ ಮರದ ಕೆಳಗೆ ಅವಳ ಹೆಸರಿನ ಬೀಡಿಗಳು ಬೆಳೆಯುತ್ತಿದ್ದವು. ಮಾಲನ್ ಅವುಗಳ ಕಡೆ ನೋಡುತ್ತಲೇ ನೀರು ಕುಡಿದು ನುಂಗುತ್ತಿದ್ದಳು.

ಪೌಷ್ಟಿಕ ಆಹಾರಕ್ಕೆಂದು ಸರಕಾರ ಕೊಡುವ ದುಡ್ಡು ಅವಳ ಬ್ಯಾಂಕ್ ಖಾತೆಗೆ ಬರಬೇಕಿತ್ತು. ಆ ಖಾತೆ ಎಷ್ಟೋ ವರ್ಷದಿಂದ ಸುಮ್ಮನೆ ಬಿದ್ದು ಮುಚ್ಚಿಹೋಗಿತ್ತು. ಅದನ್ನು ತೆಗೆಸಲು ಬ್ಯಾಂಕಿಗೆ ಅಲೆದದ್ದನ್ನು ನೆನೆದರೆ ಈಗಲೂ ಕಾಲು ನೋಯುತ್ತವೆ. ಹೇಗೋ ಅದು ಬರತೊಡಗಿತು. ಆ ಹುರುಪಿನಲ್ಲಿ, ಕಾಯಿಲೆ ಬಿದ್ದು ದುಡಿಯಲಾರದ ಬೀಡಿ ಕಾರ್ಮಿಕರಿಗೆ ಇರುವ ನೆರವಿಗೂ ಅವಳ ಹೆಸರಿನಲ್ಲಿ ಅರ್ಜಿ ಹಾಕಿದೆ. ಅವಳ ಹೆಸರಿನ ಬೀಡಿಯ ಕೂಲಿಯೆಲ್ಲ ಮಗಳ ಮದುವೆಗೆ ಮುಕಾದಮನಲ್ಲಿ ಮಾಡಿದ ಸಾಲಕ್ಕೇ ಮುರಿದುಹೋಗುತ್ತಿತ್ತು. ಬಾಕಿ ಬಿದ್ದ ಬಾಡಿಗೆ ಕೇಳಲು ಬಂದವನನ್ನು ಹೌಸಕ್ಕ ಇಷ್ಟು ದಿನ ಹೇಗೋ ತಡೆದಿದ್ದಳು, ಈಗ ಮನೆಯ ಮಾಲಕ ಕೋಣೆ ಖಾಲಿ ಮಾಡು ಅನ್ನುವ ಹಂತಕ್ಕೆ ಬಂದಿದ್ದ.

ಅರ್ಜಿ ಹಾಕಿದ ಕಚೇರಿಯ ಗುಮಾಸ್ತ ಕೆಟ್ಟವನೇನಲ್ಲ. ಕೂರಿಸಿ ಚಹಾ ತರಿಸಿದ. ಚಹಾ ಮುಗಿದ ಮೇಲೆ, ‘ಸಿಸ್ಟರ್, ಈಕೀಗಿ ಬರೂದಿಲ್ರಿ’ ಅಂದ.

‘ಯಾಕ್ರಿ?’

‘ಕೆಲಸಾ ಮಾಡಾಕತ್ತಾಳಲ್ರಿ. ಮಾಡಾಕತ್ತಾಳಂದ್ರ ಹೆಂಗ? ಈಕಿ ಜಡ್ಡ ಬಿದ್ದ ತಿಂಗಳಿಂದ ಶಾಖೆದಾಗ ಎಲ್ಲಾರಕಿಂತ ಹೆಚ್ಚ ಬೀಡಿ ಈಕೀದ ಬಂದಾವ. ಇಂಥಾ ಜಡ್ಡ ನಮಗೂ ಬರ್ಲಿ ಅನ್ನೂವಂಗ ಐತಿ.’

ಆಗಿದ್ದದ್ದು ಇಷ್ಟು. ದಿನಕ್ಕೆ ಒಂದಿಷ್ಟು ಸುತ್ತೋಣ ಎಂದು ಶುರು ಮಾಡಿದವರು ಯಾರೂ ಒಂದಿಷ್ಟಕ್ಕೆ ನಿಲ್ಲಿಸಿರಲಿಲ್ಲ. ಶಕೀಲಾ ಮೊರ ಎಳೆದುಕೊಂಡ ನಾಚಿಕೆಗೆ ಹೆಚ್ಚು ಸುತ್ತಿದ್ದಳು, ಹೌಸಕ್ಕ ಹಿರಿತನಕ್ಕೆ ಹೆಚ್ಚು ಸುತ್ತಿದ್ದಳು, ಅವರಿಗಿಂತ ಕಡಿಮೆಯಾಗಬಾರದೆಂದು ಉಳಿದವರು ಸುತ್ತಿದ್ದರು. ಎಲ್ಲ ಸೇರಿ, ಏಳಲಾರದೆ ಬಾಗಿಲಲ್ಲಿ ಕೂತವಳು ಶಾಖೆಗೇ ಮೊದಲಿಗಳಾಗಿ ಕೂತಿದ್ದಳು! ಪ್ರೀತಿಗೆ ಒಂದು ಅಳತೆ ಇಟ್ಟುಕೊಳ್ಳಬಾರದೇ ಇವರು ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದು ಅಂಗಳದಲ್ಲಿ ಸಿಡಿದೆ. ನಿಜ ಹೇಳಿದರೆ ಮುಕಾದಮ ಮೋಸ ಅನ್ನುತ್ತಾನೆ, ಎಲ್ಲರ ಕಾರ್ಡಿಗೂ ಕುತ್ತು. ಹೇಳದಿದ್ದರೆ ಮಾಲನಳ ಕೋಣೆ ಹೋಗುತ್ತದೆ. ಕೋಣೆ ಹೋದರೆ ಅವಳು ಮಗಳ ಊರಿಗೋ ಮತ್ತೆಲ್ಲಿಗೋ ಹೋಗುತ್ತಾಳೆ, ಗುಳಿಗೆ ನಡುವೆಯೇ ಮುರಿಯುತ್ತದೆ. ಹಾಗೆ ನಡುವೆ ಮುರಿದು ಹೋದವರು ತಿರುಗಿ ಬಂದಾಗ ಯಾವ ಸ್ಥಿತಿಯಲ್ಲಿರುತ್ತಾರೆ ಎಂಬುದು ನನಗೆ ಗೊತ್ತಿತ್ತು.

‘ನನ್ನ ಹೆಸರ ತಗಸ್ರಿ’ ಅಂದಳು ಮಾಲನ್ ಬಾಗಿಲಿನಿಂದ. ‘ನಿಮ್ಮ ಕಾರ್ಡ ಉಳಿಸ್ಕೋರಿ.’

‘ನೀ ಬಾಯಿ ಮುಚ್ಚ’ ಅಂದಳು ಹೌಸಕ್ಕ. ‘ಜಡ್ಡ ನಿನಗ ಬಂದೈತಿ, ಬುದ್ಧೀಗಲ್ಲ.’

ಮರುದಿನ ಎಲೆ ಹಂಚುವ ದಿನ. ಬೆಳಿಗ್ಗೆ ನಾನು ಹೋದಾಗ ಅಂಗಳ ಖಾಲಿ. ಹೆಂಗಸರೆಲ್ಲ ಖಾಲಿ ಚೀಲ ಹಿಡಿದು ಶಾಖೆಗೆ ಹೋಗಿದ್ದರು. ಮಾಲನಳಿಗೆ ಗುಳಿಗೆ ನುಂಗಿಸಿ ನಾನೂ ಹಿಂದೆಯೇ ಓಡಿದೆ. ಹೌಸಕ್ಕ ಶಾಖೆಯ ಕಟ್ಟೆಯ ನಡುವೆ ಕೂತಿದ್ದಳು, ಸುತ್ತಲೂ ಉಳಿದವರು. ಯಾರೂ ಎಲೆ ತೆಗೆದುಕೊಂಡಿರಲಿಲ್ಲ.

‘ಮಾಲನ್ ಜಡ್ಡ ಬಿದ್ದಾಳ. ಆಕಿ ಹೆಸರಿಲೆ ಸುತ್ತಿದಾವರು ನಾವ’ ಅಂದಳು ಹೌಸಕ್ಕ ಮುಕಾದಮನಿಗೆ. ‘ಇನ್ನ ಸುತ್ತೂದಿಲ್ಲ. ಆಕಿ ಹೆಸರ ಹಂಗ ಇರಬೇಕ. ಜಡ್ಡ ಅಂತ ಬರದ ಕೊಡ್ರಿ. ಅಂದ್ರ ಎಲಿ ತಗೋತೀವಿ.’

ಮುಕಾದಮ ಕೂಗಾಡಿದ. ಮೋಸಗಾರ್ತಿಯರು ಅಂದ, ಎಲ್ಲರ ಹೆಸರೂ ಹೊಡೆಯುತ್ತೇನೆ ಅಂದ. ‘ಹೊಡೀರಿ’ ಅಂದಳು ಶಕೀಲಾ. ‘ಆಮ್ಯಾಲ ನೀವ ಕುಂತ ಸುತ್ರಿ.’ ಅಂದವಳೇ ಖಾಲಿ ಚೀಲವನ್ನು ಮಡಿಚಿ ತೊಡೆಯಡಿಗೆ ಹಾಕಿಕೊಂಡಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಬಿಸಿಲು ಏರಿತು. ಬೇರೆ ಓಣಿಗಳ ಹೆಂಗಸರು ಬಂದರು, ಯಾಕೆ ಕೂತಿದ್ದೀರಿ ಎಂದು ಕೇಳಿದರು, ಕೇಳಿದವರು ತಾವೂ ಕೂತರು. ಬೀಡಿಗೆ ಬೇಡಿಕೆ ಹೆಚ್ಚಿದ ದಿನಗಳು ಬೇರೆ, ಹಂಚಲೆಂದು ನೆನೆಸಿಟ್ಟ ಎಲೆ ಒಣಗಿದರೆ ಬೀಡಿಗೆ ಬಾರದು. ಮುಕಾದಮ ಒಳಗೆ ಹೋಗಿ ಕಂಪನಿಯ ಮಾಲಕನಿಗೆ ಫೋನು ಮಾಡಿದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಒಂದು ಕಾಗದದ ಮೇಲೆ ಬರೆದು ಸಹಿ ಮಾಡಿ ನನ್ನ ಕೈಗೆ ತುರುಕಿದ, ಹೌಸಕ್ಕನ ಕೈಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಬಿಸಿಲಲ್ಲಿ ಕೂತು ಕೂತು ಹೌಸಕ್ಕನಿಗೆ ಏಳಲಾಗಲಿಲ್ಲ. ನಾವೆಲ್ಲ ಹಿಡಿದು ಎತ್ತಿದೆವು. ಅಷ್ಟು ಹೆಮ್ಮೆ ನನ್ನ ನೌಕರಿಯಲ್ಲಿ ಮತ್ತೆಂದೂ ಆಗಿಲ್ಲ.

ನೆರವಿನ ದುಡ್ಡು ಮಳೆ ಹಿಡಿಯುವ ಹೊತ್ತಿಗೆ ಬಂತು. ಮಾಲನ್ ಬಾಡಿಗೆ ಕಟ್ಟಿದಳು, ಮಾಲಕನನ್ನು ಒಪ್ಪಿಸಿ ಕೋಣೆಯ ಹಿಂಗೋಡೆಗೆ ಒಂದು ಕಿಟಕಿ ಹೊಡೆಸಿದಳು. ಗಾಳಿ ಬೆಳಕು ಬರಲಿ ಎಂದು ನಾನು ತಿಂಗಳುಗಟ್ಟಲೆ ಕೊರೆದದ್ದರ ಫಲ. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದವರ ಪಾಯಿಖಾನೆಯ ಗೋಡೆ, ಆದರೂ ಬಂದವರಿಗೆಲ್ಲ ಅದನ್ನು ತೆರೆದು ಮುಚ್ಚಿ ತೋರಿಸುತ್ತಿದ್ದಳು. ಕೆಮ್ಮು ನಿಂತಿತ್ತು, ತೂಕ ಏರುತ್ತಿತ್ತು, ಬಳೆಗಳು ಮಣಿಕಟ್ಟಿಗೆ ಬಂದು ನಿಂತಿದ್ದವು. ಇನ್ನು ನಂಬಬಹುದೆಂದು ವಾರದ ಗುಳಿಗೆಗಳನ್ನು ಅವಳ ಕೈಗೇ ಕೊಟ್ಟು ನಾನು ಬೇರೆ ಓಣಿಗಳ ಕಡೆ ಹೆಚ್ಚು ಓಡಾಡತೊಡಗಿದೆ.

ಶ್ರಾವಣದ ಒಂದು ಮಧ್ಯಾಹ್ನ ಮಳೆಯಲ್ಲಿ ನೆನೆದು ಅವಳ ಕೋಣೆಯ ಹಿಂದಿನ ಸಂದಿಯಿಂದ ಬಂದೆ. ಕಿಟಕಿ ಮುಚ್ಚಿತ್ತು. ಮಳೆಗೆ ಮುಚ್ಚಿರಬಹುದು ಅಂದುಕೊಂಡೆ, ಆದರೆ ಮಳೆಯ ಹೊಡೆತ ಆ ಕಡೆಗಿರಲಿಲ್ಲ. ಮುಂದಿನ ಬಾಗಿಲಿಗೆ ಬಂದರೆ ಅದೂ ಮುಚ್ಚಿತ್ತು. ಬಡಿದೆ. ಒಳಗೆ ಏನೋ ಎಳೆದಾಡಿದ ಸದ್ದು. ಬಾಗಿಲು ತೆರೆದಾಗ ಘಾಟು ಮುಖಕ್ಕೆ ಹೊಡೆಯಿತು. ಮಾಲನ್ ಬೆವೆತು ನಿಂತಿದ್ದಳು. ಮೂಲೆಯ ಕೌದಿ ಎತ್ತಿದೆ, ಕೆಳಗೆ ಬೀಡಿಗಳ ಗುಡ್ಡೆ.

ಹಿಂದಿನ ಓಣಿಯವರಿಂದ ಎಲೆ ತಂಬಾಕು ತಂದು, ಘಾಟು ಹೊರಗೆ ಹೋಗದಂತೆ ಕಿಟಕಿ ಬಾಗಿಲು ಮುಚ್ಚಿಕೊಂಡು ಅವಳು ಸುತ್ತುತ್ತಿದ್ದಳು. ಮುಯ್ಯಿ ತೀರಿಸಲೆಂದು ಅಂಗಳದ ಒಬ್ಬೊಬ್ಬರ ಪಾಲನ್ನೂ ಬೇರೆ ಬೇರೆ ಕಟ್ಟಿಟ್ಟಿದ್ದಳು. ಗುಳಿಗೆ ಎಲ್ಲಿ ಎಂದೆ. ತಂದು ತೋರಿಸಿದಳು. ಉಳಿಯಬಾರದಷ್ಟು ಉಳಿದಿದ್ದವು. ‘ತಿಂದ್ರ ಕಣ್ಣಿಗಿ ಕತ್ತಲಿ ಬರತೈತ್ರಿ, ಬೆರಳ ಓಡೂದಿಲ್ಲ. ಅದಕ್ಕ ಒಂದ್ ದಿನಾ ಬಿಟ್ಟ ಒಂದ್ ದಿನಾ ತಿಂತೀನಿ’ ಅಂದಳು. ನನ್ನ ಚೀಲದಲ್ಲಿದ್ದ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಬೇಸಗೆಯಲ್ಲಿ ಏರಿದ್ದು ಇಳಿದಿತ್ತು.

ನಾನು ಎಷ್ಟು ಕೂಗಿದೆನೋ ನನಗೆ ತಿಳಿಯದು, ಮಳೆಯಲ್ಲಿಯೂ ಅಂಗಳದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಗಿತ್ತು ನನಗೆ. ಹೆದರಿಕೆಯಾದಾಗ ಕೂಗುವುದೊಂದೇ ನನಗೆ ಬರುವುದು. ಮಾಲನ್ ನನ್ನ ಕೂಗಾಟ ಕಿವಿಗೆ ಹಾಕಿಕೊಳ್ಳದೆ ಹೌಸಕ್ಕನಿಗೆ ಹೇಳಿದಳು: ‘ಈಗ ಕೈ ಆಡ್ತಾವ. ಆಡುವಾಗ ತೀರಿಸಿಬಿಡ್ತೀನಿ. ನಾಳೆ ಹೆಂಗೋ ಏನೋ. ನಿದ್ದಿ ಹತ್ತೂದಿಲ್ಲ ನನಗ.’

ಹೌಸಕ್ಕ ಒಳಗೆ ಬಂದು ಕಿಟಕಿ ತೆರೆದಳು. ಬೀಡಿಯ ಕಟ್ಟುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಂಡಳು. ‘ಇವು ಯಾರ ಎಲಿಯೋ ಅವರಿಗಿ ಹೋಗ್ತಾವ’ ಅಂದಳು. ‘ಮಾಲನ್, ನಾ ಕೇಳಿದ್ದಕ್ಕ ಉತ್ತರಾ ಕೊಡ. ಕಳೇದ ಮುಯ್ಯಿ ಎದರಾಗ ತೀರಸ್ತಾರ?’

‘ಕಳೇದಾಗ.’

‘ಶೇಂಗಾದ್ದು?’

‘ಶೇಂಗಾದಾಗ.’

‘ನಾವ್ ಮಾಡಿದ್ದು ಜಡ್ಡಿನ ಮುಯ್ಯಿ. ನಮ್ಮಾಗ ಯಾರರ ಜಡ್ಡ ಬಿದ್ರ ಬಂದ ಸುತ್ತ, ತಗೋತೀವಿ. ಗಟ್ಟಿ ಇದ್ದಾಗ ಕೊಟ್ರ ಯಾರೂ ತಗೊಳ್ಳಾಂಗಿಲ್ಲ. ಕೇಳ ಬೇಕಾದ್ರ.’

ಯಾರನ್ನೂ ಕೇಳಬೇಕಾಗಿರಲಿಲ್ಲ, ಎಲ್ಲರೂ ತಲೆಯಾಡಿಸುತ್ತಿದ್ದರು. ಇಂಥದೊಂದು ಕಟ್ಟಳೆ ನಮ್ಮ ಸೀಮೆಯಲ್ಲಿ ಎಲ್ಲಿಯೂ ಇಲ್ಲ. ನಿಂತ ನಿಲುವಿನಲ್ಲಿ ಹೌಸಕ್ಕ ಹುಟ್ಟಿಸಿದ್ದು ಅದು. ಆದರೆ ಮಾಲನಳಿಗೆ ಎದುರಾಡಲು ಬರಲಿಲ್ಲ, ಮುಯ್ಯಿಯ ವಿಷಯದಲ್ಲಿ ಅವಳು ಅಷ್ಟು ನಿಷ್ಠುರಳು. ‘ನಿಮಗ ಜಡ್ಡ ಬರೂ ಮಟಾ ನಾ ಇರಬೇಕಲ್ಲ’ ಅಂದಳು ಸಣ್ಣ ದನಿಯಲ್ಲಿ.

‘ಇರ್ಬೇಕ’ ಅಂದಳು ಹೌಸಕ್ಕ. ‘ನಮಗ ಜಡ್ಡ ಬರೂದಕ್ಕ ಇನ್ನಾ ಭಾಳ ದಿನಾ ಐತಿ. ಗುಳಿಗಿ ತಿನ್ನ.’

ಮಾಲನ್ ನೀರಿನ ತಂಬಿಗೆ ತೆಗೆದುಕೊಂಡಳು. ಆ ದಿನದ ಗುಳಿಗೆಗಳನ್ನು ನಮ್ಮೆಲ್ಲರ ಮುಂದೆ ನುಂಗಿದಳು. ನಾನು ಹೊರಗೆ ಬಂದು ಮಳೆಯಲ್ಲಿ ನಿಂತೆ, ಅಳುವುದು ಕಾಣಬಾರದೆಂದು.

ಡಾಕ್ಟರು ಮತ್ತೆ ಕಫ ನೋಡಿ, ಔಷಧವನ್ನು ಇನ್ನಷ್ಟು ದಿನ ಮುಂದುವರಿಸಿದರು. ನಾನು ಮತ್ತೆ ದಿನಾ ಬೆಳಿಗ್ಗೆ ಹೋಗತೊಡಗಿದೆ. ಹೋಗದಿದ್ದರೂ ನಡೆಯುತ್ತಿತ್ತು, ಈಗ ಮಾಲನ್ ತಾನೇ ಬಾಗಿಲಿಗೆ ಬಂದು, ‘ನೋಡ್ರೆವ್ವಾ, ತಿಂದೆ’ ಅಂತ ಅಂಗಳಕ್ಕೆಲ್ಲ ನಾಲಗೆ ಚಾಚಿ ತೋರಿಸುತ್ತಿದ್ದಳು. ಮಂಡಿಯಲ್ಲಿ ನೋವು, ಬಾಯಲ್ಲಿ ಕಹಿ, ಎಲ್ಲ ಇದ್ದವು. ಒಂದು ದಿನವೂ ತಪ್ಪಿಸಲಿಲ್ಲ. ದೀಪಾವಳಿಯ ಮುಂದೆ ಕೊನೆಯ ಪರೀಕ್ಷೆ. ಕಫದಲ್ಲಿ ಏನೂ ಇರಲಿಲ್ಲ. ಆ ಸುದ್ದಿ ಹೇಳಲು ಸ್ಕೂಟಿಯನ್ನು ಎಷ್ಟು ಜೋರಾಗಿ ಓಡಿಸಿದೆನೆಂದರೆ ಪೋಲೀಸಪ್ಪ ಸೀಟಿ ಊದಿದ. ಮಾಲನ್ ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡಳು. ಹೌಸಕ್ಕ ಮುಖ ಆಚೆ ತಿರುಗಿಸಿ ಯಾರಿಗೋ ಬೈಯತೊಡಗಿದಳು.

ಮಾಲನ್ ಮರದ ಕೆಳಗೆ ತನ್ನ ಜಾಗಕ್ಕೆ ಬಂದು ಕೂತಳು. ತಂಬಾಕಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟುವುದನ್ನು ಬಿಡಲಿಲ್ಲ, ಅವಳನ್ನು ನೋಡಿ ಶಕೀಲಾ ಕೂಡ ಕಟ್ಟತೊಡಗಿದಳು. ಬೇರೆ ಕೆಲಸ ಕೊಡಿಸಲು ನಾನು ಓಡಾಡಿದ್ದು ಕೈಗೂಡಲಿಲ್ಲ, ಆ ಬೇಸರ ಇಂದಿಗೂ ಇದೆ. ಅಂದಿನಿಂದ ಅಂಗಳದಲ್ಲಿ ಹೊಸದೊಂದು ಪೀಡೆ ಶುರುವಾಯಿತು. ಮಾಲನ್ ದಿನಾ ಬೆಳಿಗ್ಗೆ ಎಲ್ಲರ ಯೋಗಕ್ಷೇಮ ವಿಚಾರಿಸುತ್ತಿದ್ದಳು.

‘ಹೌಸಕ್ಕಾ, ಮಂಡಿ ಹೆಂಗ ಅದಾವ?’

‘ಬೇಷ್ ಅದಾವ.’

ಮಾಲನಳ ಮುಖ ಸಪ್ಪಗಾಗುತ್ತಿತ್ತು. ಶಕೀಲಾಳಿಗೆ ಒಮ್ಮೆ ಜ್ವರ ಬಂದ ಸುದ್ದಿ ತಿಳಿದೊಡನೆ ಮೊರ ಎತ್ತಿಕೊಂಡು ಓಡಿದ್ದಳು. ಸಂಜೆಯೊಳಗೆ ಜ್ವರ ಬಿಟ್ಟು ಶಕೀಲಾ ಎದ್ದು ಕೂತಳು. ‘ಮತ್ತೊಂದ ದಿನಾ ಮಲಗಿದ್ರ ನಿನ್ನ ಗಂಟೇನ್ ಹೋಗ್ತಿತ್ತ?’ ಎಂದು ಮಾಲನ್ ನಿಜವಾಗಿಯೂ ಸಿಟ್ಟಾದಳು. ‘ನಮಗ ಜಡ್ಡ ಬರ್ಲಿ ಅಂತ ದೇವರಿಗಿ ಹರಕಿ ಹೊತ್ತಾಳ ನೋಡ್ರಿ ಈಕಿ’ ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾಲನ್ ನಗುತ್ತಿರಲಿಲ್ಲ. ಅವಳಿಗೆ ಅದು ತಮಾಷೆಯ ಮಾತಾಗಿರಲಿಲ್ಲ.

ಚಳಿಗಾಲದಲ್ಲಿ ಹೌಸಕ್ಕನ ಬೀಡಿಗಳು ಮುಕಾದಮನಿಂದ ತಿರಸ್ಕೃತವಾಗಿ ಬರತೊಡಗಿದವು. ದಾರ ಎಲ್ಲೆಲ್ಲೋ ಬಿದ್ದಿರುತ್ತಿತ್ತು. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು, ಎಷ್ಟೋ ದಿನದಿಂದ ಇತ್ತಂತೆ, ಆಪರೇಶನ್ನಿಗೆ ಹೆದರಿ ಹೇಳಿರಲಿಲ್ಲ. ಮುಕಾದಮನಿಗೆ ಹೆದರದವಳು ಕಣ್ಣಿನ ಡಾಕ್ಟರಿಗೆ ಹೆದರಿ ಮೂಲೆಗೆ ಸೇರಿಕೊಂಡಳು. ಮಾಲನ್ ಕೈ ಹಿಡಿದು ಎಳೆದುಕೊಂಡು ದವಾಖಾನೆಗೆ ಹೋದಳು, ಅಲ್ಲಿ ಇಡೀ ದಿನ ಬಾಗಿಲು ಕಾದು ಕೂತಳು, ರಿಕ್ಷಾದಲ್ಲಿ ಕರೆತಂದಳು.

ಅದೇ ವಾರ ನನಗೆ ಅಥಣಿಗೆ ವರ್ಗವಾಯಿತು. ಹೇಳಿಹೋಗಲು ಅಂಗಳಕ್ಕೆ ಬಂದೆ. ಊರಿನಲ್ಲಿ ಹೊಸ ತಂಬಾಕು ಬಂದಿಳಿಯುತ್ತಿತ್ತು. ಹೌಸಕ್ಕ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಹೊರಸಿನ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಮಾಲನ್, ತೊಡೆಯ ಮೇಲೆ ಮೊರ. ಹೌಸಕ್ಕನ ಹೆಸರಿನ ಬೀಡಿಗಳು ಆಗಲೇ ಎದ್ದು ಕಾಣುವಷ್ಟಾಗಿದ್ದವು. ಯಾರದೇ ಆಗಲಿ ಕಣ್ಣಿನ ಆಪರೇಶನ್ನಿಗೆ ಅಷ್ಟು ಸಂತೋಷಪಟ್ಟ ಮುಖವನ್ನು ನಾನು ನೋಡಿಲ್ಲ. ‘ಇನ್ನ ಸಾಕ ಬಿಡ, ನಿಂದ ತೀರೇತಿ’ ಅಂದಳು ಹೌಸಕ್ಕ. ಮಾಲನ್ ಕೈಯಲ್ಲಿದ್ದ ಬೀಡಿಗೆ ದಾರ ಬಿಗಿದು, ಹಲ್ಲಿನಿಂದ ಕತ್ತರಿಸಿ, ಹೌಸಕ್ಕನ ಮುಖದ ಮೇಲೆ ಬಾಗಿ, ಪಟ್ಟಿ ಇಲ್ಲದ ಕಣ್ಣನ್ನು ಆಸೆಯಿಂದ ನೋಡಿದಳು.

‘ಈ ಕಣ್ಣಿಗಿ ಯಾವಾಗ ಬರ್ರಿ ಅಂದಾರ?’